ಎರಡೇ ಬಾಟಲಿ ಉಳಿದಿವೆ

ವಿರಾಜಪೇಟೆಯ ಗಡಿಯಾರ ಕಂಬದ ಹಿಂದೆ
ಟೈರ್ ಅಂಗಡಿಯ ಮೇಲಿನ ಕೋಣೆ.
ರಬ್ಬರಿನ ವಾಸನೆಯಲ್ಲಿ ಕೂತು ಜೇನು ಮಾರುತ್ತೇನೆ,
ಕೈಗೆ ಅಂಟದ ಜೇನು,
ಪರದೆಯ ಮೇಲಿನದು.

ಮೊದಲು ಬಸ್ ಏಜೆಂಟರ ಹತ್ತಿರ ಚೀಟಿ ಹರಿಯುತ್ತಿದ್ದೆ.
ರೈಲಿಲ್ಲದ ಜಿಲ್ಲೆ; ನನ್ನ ಕಿಟಕಿಗೆ
ಜಗತ್ತೆಲ್ಲ ಬಂದು ಚಿಲ್ಲರೆ ಕೇಳುತ್ತಿತ್ತು.
ಬೋರ್ಡು ಓದಿದವರು, ದರ ಕೇಳಿದವರು,
"ಈಗ ಬಂದೆ" ಅಂತ ಹೋಗಿ ಬಾರದವರು,
ಕೊನೆಗೆ ಸೀಟಿನಲ್ಲಿ ಕೂತ ನಾಲ್ಕು ಜನ.
ಎಲ್ಲ ಲೆಕ್ಕ ಇತ್ತು ನನ್ನ ಹತ್ತಿರ,
ಅದಕ್ಕೆ ಫನೆಲ್ ಅನ್ನುತ್ತಾರೆಂದು ಗೊತ್ತಿರಲಿಲ್ಲ ಅಷ್ಟೆ.

ಬೊಳ್ಳಮ್ಮ ಹೇಳಿದಳು:
"ಗ್ರೋತ್ ಎಂಜಿನಿಯರ್ ಅಂದರೆ ಅರ್ಧ ಮಾರುವವಳು,
ಅರ್ಧ ರಿಪೇರಿಯವಳು, ಇನ್ನರ್ಧ ಅನುಮಾನ."
ಮೂರು ಅರ್ಧ ಆಯಿತಲ್ಲ, ಅಂದೆ.
"ನಾಳೆಯಿಂದ ಬಾ."

ರಾತ್ರಿ ಊಟವಾದ ಮೇಲೆ ಎಸ್‌ಕ್ಯೂಎಲ್.
ಒಂದು ಅಲ್ಪವಿರಾಮ ತಪ್ಪಿದರೆ ಸಾಕು,
ತಾಲೂಕು ಕಚೇರಿಯ ಗುಮಾಸ್ತನ ಹಾಗೆ
"ಅರ್ಜಿ ಸರಿಯಿಲ್ಲ" ಅನ್ನುತ್ತದೆ, ಎಲ್ಲಿ ಅಂತ ಹೇಳುವುದಿಲ್ಲ.
ಎರಡು ಕೋಷ್ಟಕ ಜೋಡಿಸಲು ಕಲಿತ ದಿನ
ನಮ್ಮ ನಾಲ್ಕು ಸಾವಿರ ಗಿರಾಕಿಗಳು ಒಂಬತ್ತು ಲಕ್ಷವಾದರು.
ಅರ್ಧ ಗಂಟೆ ನಾವು ಶ್ರೀಮಂತರು.

ಆಮೇಲೆ ಪುಟವನ್ನು ಎರಡಾಗಿ ಸೀಳುವುದು:
ಅರ್ಧ ಜನಕ್ಕೆ ಹಸಿರು ಗುಂಡಿ, ಅರ್ಧಕ್ಕೆ ಕಿತ್ತಳೆ.
ಯಾರಿಗೆ ಯಾವುದೆಂದು ನಾಣ್ಯ ಹೇಳಬೇಕು, ನಾನಲ್ಲ.
ಮೂರನೇ ದಿನಕ್ಕೇ ಗೆದ್ದೆನೆಂದು ಕುಣಿಯಬಾರದು.
ಕಾಯುವುದೂ ಕೆಲಸವೇ ಅಂತ
ಯಾವ ಕೋರ್ಸಿನ ಜಾಹೀರಾತೂ ಹೇಳಿರಲಿಲ್ಲ.

ಭಾಗಮಂಡಲದಲ್ಲಿ ಜೋಯಪ್ಪ ಮಾವ
ಐದು ಪೆಟ್ಟಿಗೆಗೆ ಮೇಣ ಸವರಿ, ಐದನ್ನು ಹಾಗೇ ಬಿಟ್ಟಿದ್ದರು.
ಮೇಣದಲ್ಲಿ ಎರಡು ಕುಟುಂಬ ಕೂತವು, ಬರಿದರಲ್ಲಿ ಒಂದು.
"ನೋಡು, ಮೇಣವೇ ಮೇಲು."
ಹತ್ತು ಸಾಲದು ಮಾವ, ಸಂಖ್ಯೆ ಚಿಕ್ಕದಾಯಿತು.
ನಲವತ್ತು ವರ್ಷದ ಮೇಣ ಉಗುರಲ್ಲಿಟ್ಟುಕೊಂಡು
ನನ್ನನ್ನೇ ನೋಡಿದರು:
"ಹುಳುಗಳಿಗೆ ಹೇಳಿ ಕಳಿಸು ಹಾಗಾದರೆ,
ಇನ್ನಷ್ಟು ಬರಲಿ."

ಮಾರ್ಚಿನಲ್ಲಿ ಮಾಲೀಕ ಮೊಣ್ಣಪ್ಪನವರಿಗೆ ಹೊಳೆಯಿತು:
ಗುಂಡಿಯ ಕೆಳಗೆ, ಕೆಂಪಕ್ಷರದಲ್ಲಿ,
ಎರಡೇ ಬಾಟಲಿ ಉಳಿದಿವೆ.
ಹಿಂದಿನ ಕೋಣೆಯಲ್ಲಿ ಮುನ್ನೂರು ಇದ್ದವು.
ಐದು ಸಾಲು ಕೋಡು. ಬರೆದವಳು ನಾನೇ.
ಗೆರೆ ಮೇಲೆ ಹೋಯಿತು,
ಮಾಕುಟ್ಟದ ಘಾಟಿಯಲ್ಲಿ ಏದುವ ಲಾರಿಯ ಹಾಗಲ್ಲ,
ಗುಂಡಿನ ಸದ್ದಿಗೆ ಎದ್ದ ಹಕ್ಕಿಯ ಹಾಗೆ.
ಮೊಣ್ಣಪ್ಪ ಎಲ್ಲರಿಗೂ ಪಫ್ಸ್ ತರಿಸಿದರು.
ನಾನು ಎರಡು ತಿಂದೆ.

ಕೋಹಾರ್ಟ್ ಎಂಬ ಕೋಷ್ಟಕ ತಡವಾಗಿ ಬಾಯಿ ಬಿಡುತ್ತದೆ.
ಮಾರ್ಚಿನಲ್ಲಿ ಕೊಂಡವರು ಜೂನಿನಲ್ಲಿ ಎಷ್ಟು ಜನ ಮರಳಿದರು?
ಮನೆ ಮನೆಯೂ ಖಾಲಿ, ಬೆಳ್ಳಗೆ.
ಮರಳಿದ್ದು ದಾವಣಗೆರೆಯ ಒಬ್ಬಾಕೆ, ಅದೂ ಕೊಳ್ಳಲಿಕ್ಕಲ್ಲ:
"ಎರಡೇ ಇವೆ ಅಂದಿರಿ, ಎರಡೂ ತಗೊಂಡೆ.
ಇನ್ಯಾರಿಗೋ ಇಲ್ಲದ ಹಾಗೆ ಮಾಡಿದೆನಲ್ಲ ಅಂತ
ಮನಸ್ಸಿಗೆ ಚುಚ್ಚುತ್ತಿತ್ತು.
ಇವತ್ತೂ ಎರಡೇ ಇವೆಯಲ್ಲ?"

ಬೊಳ್ಳಮ್ಮನಿಗೆ ತೋರಿಸಿದೆ.
ಓದಿ, ಕನ್ನಡಕ ಒರೆಸಿ, ಮತ್ತೆ ಓದಿದಳು.
ಏನೂ ಅನ್ನಲಿಲ್ಲ.
ಐದು ಸಾಲು ಅಳಿಸಿದೆ. ಯಾಕೆ ಬದಲಿಸಿದಿರಿ ಎಂದು
ಕೇಳುವ ಪುಟ್ಟ ಚೌಕವಿದೆಯಲ್ಲ, ಅದರಲ್ಲಿ
"ಲೆಕ್ಕ ಸರಿಪಡಿಸಿದೆ" ಎಂದು ಬರೆದೆ,
ಅಳಿಸಿ, "ಸುಳ್ಳು ತೆಗೆದೆ" ಎಂದು ಬರೆದೆ.
ಗೆರೆ ಇಳಿಯಿತು. ಪಫ್ಸ್ ಬರಲಿಲ್ಲ.

ಈಗ ನಿಜವಾದ ಸಂಖ್ಯೆ ಹಾಕುತ್ತೇವೆ, ಕಪ್ಪಕ್ಷರದಲ್ಲಿ.
ಆಗಸ್ಟಿನಲ್ಲಿ ಒಂದು ಸಂಜೆ ನೋಡಿದರೆ,
ನಿಜಕ್ಕೂ ಎರಡೇ ಉಳಿದಿದ್ದವು.
ಯಾರಿಗೂ ಅವಸರವಿರಲಿಲ್ಲ.
ಒಂದನ್ನು ನಾನೇ ಕೊಂಡೆ,
ಡೇಟಾ ಕೆಡದಿರಲೆಂದು ನಗದು ಕೊಟ್ಟು.
ಇನ್ನೊಂದು ಪರದೆಯ ಮೇಲಿದೆ.
ಕಾಯುತ್ತಿದ್ದೇನೆ, ದಾವಣಗೆರೆಯ ಕಡೆ ಮುಖ ಮಾಡಿ.
ಒಬ್ಬಾಕೆ. ಸಂಖ್ಯೆ ಚಿಕ್ಕದು,
ಗೊತ್ತು.